ತಮ್ಮನ ಮನೆಗೆ ಅಂಟಿಸಿದ ಕೋಣೆ

ಮದ್ದೂರಿನಲ್ಲಿ ನನ್ನ ಹಣೆ ಒಡೆದದ್ದು ವಿಕಿರಣ ಸುರಕ್ಷತೆಯ ಸೇವೆಯಲ್ಲಿ. ಆರು ಹೊಲಿಗೆಯ ಆ ಗುರುತನ್ನು ಇಂದಿಗೂ ಪದಕದಂತೆ ಧರಿಸಿದ್ದೇನೆ.

ಮಳವಳ್ಳಿ ರಸ್ತೆಯಲ್ಲಿ ಗಾಮಾ ಸ್ಕ್ಯಾನಿಂಗ್ ಕೇಂದ್ರವೊಂದು ಏಳುತ್ತಿತ್ತು. ಕಟ್ಟಡ ನಕ್ಷೆಯಂತೆಯೇ ಇದೆ ಎಂದು ಸಹಿ ಹಾಕಲು ಮಂಡ್ಯದಿಂದ ಹೋಗಿದ್ದೆ. ಇಂಥ ಕೇಂದ್ರಗಳಲ್ಲಿ ರೋಗಿಗೆ ವಿಕಿರಣ ಸೂಸುವ ಔಷಧ ಚುಚ್ಚಿ, ಅದು ಮೈಗೆ ಹರಡುವವರೆಗೆ ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಆ ಹೊತ್ತಿಗೆ ರೋಗಿಯೇ ವಿಕಿರಣದ ಮೂಲ. ಹಾಗಾಗಿ ಗೋಡೆಯಾಚೆ ಯಾರು, ಎಷ್ಟು ಹೊತ್ತು ಇರುತ್ತಾರೆ ಎಂದು ವಿಚಾರಿಸಿಯೇ ಗೋಡೆಯ ದಪ್ಪ ಗೊತ್ತುಮಾಡಬೇಕೆಂಬುದು ನಿಯಮ.

ನಕ್ಷೆಯಲ್ಲಿ ಆ ಕೋಣೆ ರಸ್ತೆಯ ಕಡೆಗಿತ್ತು. ಕಟ್ಟಡದಲ್ಲಿ ಅದು ಹಿಂದಕ್ಕೆ ನಡೆದುಹೋಗಿ ಪಕ್ಕದ ಮನೆಗೆ ಅಂಟಿಕೊಂಡಿತ್ತು. ಪಕ್ಕದ ಮನೆ ಮಾಲೀಕರ ತಮ್ಮನದು. ಪಾಲಾದ ದಿನದಿಂದ ಇಬ್ಬರಿಗೂ ಮಾತಿಲ್ಲ.

"ಯಾಕೆ ಬದಲಾಯಿಸಿದಿರಿ?" ಎಂದೆ.

"ಇಲ್ಲಿ ಗಾಳಿ ಚೆನ್ನಾಗದೆ ಸಾ," ಎಂದರು ಮಾಲೀಕರು, ಕಿಟಕಿಯೇ ಇಲ್ಲದ ಕೋಣೆಯಲ್ಲಿ ನಿಂತು. ನಾನು ಕಿಟಕಿಗಾಗಿ ಸುತ್ತ ಹುಡುಕಿದೆ. ತಡೆಯಲಾರದೆ ನಿಜ ಹೇಳಿದರು: "ಬೇಯ್ಲಿ ಬುಡಿ ಸಾ ಆ ನನ್ಮಗ, ಇಂಚಿಂಚಾಗಿ!"

ಕಾಂಪೌಂಡಿನಾಚೆ ತಮ್ಮ ಕೇಳಿಸಿಕೊಳ್ಳುತ್ತಿದ್ದ. ಮಚ್ಚು ಹಿಡಿದು ಎಗರಿ ಬಂದ.

"ಅಣ್ಣ ಅನ್ನಿಸ್ಕೊಂಡೋನೇನ್ಲಾ ನೀನು? ಸಿಗುದಾಕ್ಬುಡ್ತೀನಿ!"

ಮೊದಲ ಏಟಿಗೆ ಮಚ್ಚು ಮಾಲೀಕರ ಮುಂಗೈಯ ಚರ್ಮ ಸುಲಿದು ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿತು. ಅವರು ಗೋಡೆ ಕಟ್ಟಿ ಮಿಕ್ಕಿದ್ದ ಬ್ಲಾಕೊಂದನ್ನು ಎತ್ತಿ ಬೀಸಿದರು. ತಮ್ಮ ಬಗ್ಗಿದ. ನಾನು ಬಗ್ಗಲಿಲ್ಲ, ಸರ್ಕಾರಿ ನಿಯಮದ ಪ್ರತಿ ಕೈಯಲ್ಲಿದ್ದವನನ್ನು ಹೊಡೆಯಲಾರರೆಂಬ ನಂಬಿಕೆ. ನೆಲಕ್ಕೆ ಬಿದ್ದ ನಾನೂ ಆ ಬ್ಲಾಕೂ ಮುಖಾಮುಖಿಯಾದೆವು. ಬ್ಲಾಕಿನ ನಡುವೆ ತೂತು, ಒಳಗೆ ಟೊಳ್ಳು. ನಕ್ಷೆಯಲ್ಲಿದ್ದದ್ದು ಒಂದಡಿ ಗಟ್ಟಿ ಕಾಂಕ್ರೀಟು.

ಗಲಾಟೆ ಕೇಳಿ ತಮ್ಮನ ಮಗಳು ಓಡಿಬಂದಳು. ತುಂಬು ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು.

"ಇಂಜಿನಿಯರ್ ಸಾ, ಈ ಗೋಡೆ ಪಕ್ಕದಲ್ಲೇ ನಾನು ಮನಿಕ್ಕಳದು. ಬಾಣಂತನನೂ ಅಲ್ಲೇ. ಕೂಸಿಗೇನಾರ ಆಯ್ತದಾ?"

ಕಣ್ಣಿಗಿಳಿದ ರಕ್ತ ಒರೆಸಿಕೊಂಡು ಹೇಳಿದೆ: "ಈ ಗೋಡೆ ನಂಬಿ ನಾನು ಮಾತು ಕೊಡಲಾರೆನಮ್ಮ."

"ದೊಡ್ಡಪ್ಪ, ಗೊತ್ತಿದ್ದೇ ಕಟ್ಸುದ್ಯಾ?"

ಮಾತಿಲ್ಲದ ಮನೆಯಲ್ಲಿ ಬಸುರಿ ಇದ್ದಾಳೆಂದು ಅವರಿಗೆ ಹೇಳುವವರಾದರೂ ಯಾರು? ಮಾಲೀಕರು ಅವಳ ಹೊಟ್ಟೆ ನೋಡಿದರು. ಗಾರೆಯವರ ದೊಡ್ಡ ಸುತ್ತಿಗೆ ಎತ್ತಿಕೊಂಡರು. ತಮ್ಮ ಚೌಕಟ್ಟಿನಿಂದ ಮಚ್ಚು ಕಿತ್ತುಕೊಂಡ. ಸುತ್ತಿಗೆ ಬಿದ್ದದ್ದು ಗೋಡೆಗೆ.

"ನಿನಗೋಸ್ಕರ ಅಲ್ಲ ಕಣ್ಲಾ ಬೇವರ್ಸಿ! ಕೂಸಿಗೋಸ್ಕರ!"

ಒಂದೊಂದು ಏಟಿಗೂ ತಮ್ಮನ ತಾಯಿಯನ್ನು ಬೈದರು. ಆಕೆ ತಮಗೂ ತಾಯಿಯೆಂಬುದು ನೆನಪಾಗಲಿಲ್ಲ. ಸೀಳಿದ ಕೈಯ ರಕ್ತ ಸುತ್ತಿಗೆಯ ಹಿಡಿಗೆ ಇಳಿಯುತ್ತಿತ್ತು. ಗೋಡೆ ಪೂರ್ತಿ ಬೀಳುವವರೆಗೆ ತಮ್ಮ ಮಚ್ಚು ಕೆಳಗಿಡಲಿಲ್ಲ. ನಾನೂ ಪೆನ್ನು ತೆಗೆಯಲಿಲ್ಲ.