ಅಕ್ಕ ಮೂಸಿ ನೋಡಿದ ಹಾಲು

ನಮ್ಮಕ್ಕ ಏನನ್ನೂ ಮೂಸದೆ ಬಾಯಿಗಿಡುವವಳಲ್ಲ. ಹಾಲು, ನೀರು, ಬ್ರೆಡ್ಡು, ಬಸ್ಸಿನಲ್ಲಿ ಪಕ್ಕದವರು ಕೊಟ್ಟ ಪೆಪ್ಪರ್‌ಮಿಂಟು, ಎಲ್ಲವೂ ಮೊದಲು ಅವಳ ಮೂಗಿನ ಮುಂದೆ ಹಾಜರಿ ಹಾಕಬೇಕು. ಮನುಷ್ಯರಿಗೂ ಅದೇ ಕಾನೂನು. ಯಾರಾದರೂ ನಕ್ಕು ಮಾತಾಡಿಸಿದರೆ, "ಇವರಿಗೆ ಏನು ಬೇಕಂತೆ?" ಎಂದು ನನ್ನ ಕಿವಿ ಕಚ್ಚುತ್ತಾಳೆ. ನಾನು ಅವಳಿಗೆ ಪತ್ತೇದಾರಿ ಎಂದು ಹೆಸರಿಟ್ಟೆ. ಅವಳ ನರ್ಸಿಂಗ್ ಕಾಲೇಜಿನ ಹುಡುಗಿಯರಿಗೂ ಅದೇ ಹೆಸರು ಹೊಳೆಯಿತಂತೆ. ನಾನೇ ಹೋಗಿ ಹೇಳಿಕೊಟ್ಟೆನೆಂದು ಅವಳ ಅನುಮಾನ.

ಇದು ಹುಟ್ಟುಗುಣವಲ್ಲ. ಅವಳಿಗೆ ಒಂಬತ್ತು ವರ್ಷವಿದ್ದಾಗ, ನಾನು ಇನ್ನೂ ಪುಟ್ಟವಳು, ಅಮ್ಮ ಆಸ್ಪತ್ರೆ ಸೇರಿದ್ದಳು. ನಮ್ಮನ್ನು ನೋಡಿಕೊಳ್ಳಲು ಬಂದಿದ್ದ ದೊಡ್ಡಮ್ಮ ಒಂದು ಸಂಜೆ ಸಕ್ಕರೆ ಜಾಸ್ತಿ ಹಾಕಿದ ಹಾಲು ತಂದು, "ಕುಡಿದು ಮಲ್ಕೊಳ್ಳಿ, ನಾಳೆ ಅಮ್ಮ ಬರ್ತಾಳೆ" ಎಂದಳು. ಅಮ್ಮ ಬರಲಿಲ್ಲ. ಮತ್ತೆ ಹಾಲು ಬಂತು, ಮತ್ತೆ ಅದೇ ನಾಳೆ ಬಂತು. ಅಮ್ಮ ತೀರಿಕೊಂಡ ಸುದ್ದಿಯನ್ನು ಕೊನೆಗೆ ಅಕ್ಕನಿಗೆ ಹೇಳಿದ್ದು ಶಾಲೆಯಲ್ಲಿ ಅವಳ ಬೆಂಚಿನ ಹುಡುಗಿ. ಮನೆಯಲ್ಲಿ ಆಮೇಲೂ ಯಾರೂ ಆ ಮಾತೆತ್ತಲಿಲ್ಲ. ದೊಡ್ಡಮ್ಮ ನಮ್ಮನ್ನು ಸಾಕಿದಳು, ದಿನಾ ಹಾಲು ಕಾಯಿಸಿ ಕೊಟ್ಟಳು. ಅಕ್ಕ ಲೋಟ ಮೂಸುವ ಹೊತ್ತಿಗೆ ಸರಿಯಾಗಿ ದೊಡ್ಡಮ್ಮನಿಗೆ ಕಿಟಕಿಯಾಚೆ ನೋಡುವ ಕೆಲಸ ಬಂದುಬಿಡುತ್ತಿತ್ತು.

ಕಾಲೇಜಿನ ಕೊನೆಯ ವರ್ಷ ಯಾವ ವಿಭಾಗಕ್ಕೆ ಹೋಗುತ್ತೇವೆಂದು ವಿದ್ಯಾರ್ಥಿಗಳೇ ಹೇಳಬೇಕು. ಅಕ್ಕನಿಗೆ ಬೇಕಿದ್ದದ್ದು ಆಪರೇಷನ್ ಥಿಯೇಟರ್.

"ಅಲ್ಲಿ ರೋಗಿಗೆ ಜ್ಞಾನ ಇರಲ್ಲ, ಡಾಕ್ಟರ ಬಾಯಿಗೆ ಮಾಸ್ಕು. ಸುಳ್ಳು ಹೇಳೋರೇ ಇಲ್ಲ ಕಣೇ" ಎನ್ನುತ್ತಿದ್ದಳು.

ಥಿಯೇಟರಿಗೆ ಇದ್ದದ್ದು ಒಂದೇ ಸೀಟು. ತರಗತಿಗೆ ಅಕ್ಕನೇ ಮೊದಲು, ಆದ್ದರಿಂದ ಆಯ್ಕೆಯೂ ಅವಳದೇ ಮೊದಲು. ಆದರೆ ಟ್ಯೂಟರ್ ಮೇಡಂ ಕರೆದು, "ನಿಂಗೆ ಮಾನಸಿಕ ರೋಗಿಗಳ ವಾರ್ಡ್ ಸರಿಹೋಗುತ್ತೆ ಅನ್ಸುತ್ತೆ. ಈ ತಿಂಗಳು ಅಲ್ಲಿರು. ಇನ್‌ಚಾರ್ಜ್ ಸಿಸ್ಟರ್ ಒಳ್ಳೆ ಮಾತು ಹೇಳಿದ್ರೆ ಥಿಯೇಟರ್ ಎಲ್ಲೂ ಹೋಗಲ್ಲ" ಎಂದರು. ಅಕ್ಕನ ಕಿವಿ ನೆಟ್ಟಗಾಯಿತು. ತರಗತಿಗೆ ಎರಡನೆಯವಳು ಇದೇ ಮೇಡಂ ಅಣ್ಣನ ಮಗಳು.

"ಮಸಲತ್ತು ಗೊತ್ತಾಯ್ತಾ?" ಎಂದಳು ಮನೆಗೆ ಬಂದು. "ಇಲ್ಲಾಂದ್ರೆ ನನ್ನೂ ರೋಗಿ ಅಂದ್ಕೊಂಡಿರಬೇಕು."

"ಅದು ಇರಬಹುದು" ಎಂದೆ. ಬೆನ್ನಿಗೆ ಗುದ್ದು ಬಿತ್ತು.

ಆ ವಾರ್ಡಿಗೆ ಜಾಲರಿ ಹೊಡೆದ ಕಿಟಕಿಗಳು, ಬೀಗ ಜಡಿದ ಔಷಧಿ ಕಪಾಟು, ಪ್ಲಾಸ್ಟಿಕ್ ಚಮಚಗಳು. ಗೋಡೆಯ ಪಕ್ಕದ ಮಂಚದಲ್ಲಿ ಒಬ್ಬ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಊಟದಲ್ಲಿ ವಿಷ ಹಾಕುತ್ತಾರೆಂದು ಮನೆಯಲ್ಲಿ ಅನ್ನ ಬಿಟ್ಟಿದ್ದವರು ಇಲ್ಲಿ ಮಾತ್ರೆಯನ್ನು ನಾಲಿಗೆಯಡಿ ಬಚ್ಚಿಟ್ಟು ಉಗುಳುತ್ತಿದ್ದರು.

ಒಂದು ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್ ಹಾಲಿನ ಲೋಟ ಕೊಟ್ಟು, ಟೀಚರಿಗೆ ಕುಡಿಸಿ ಬಾ ಎಂದರು. ಅಕ್ಕ ಮಂಚದ ಬಳಿ ನಿಂತು, ಕೊಡುವ ಮೊದಲು, ಬರೀ ಅಭ್ಯಾಸಬಲದಿಂದ, ಲೋಟವನ್ನು ಮೂಗಿನ ಹತ್ತಿರ ತಂದಳು. ಟೀಚರ್ ದಿಂಬಿನಿಂದ ತಲೆಯೆತ್ತಿ ಅವಳನ್ನೇ ದಿಟ್ಟಿಸಿದರು. ಅಕ್ಕನಿಗೆ ವಾಸನೆ ಏನೋ ಸರಿಯಿಲ್ಲ ಅನ್ನಿಸಿತು. ಒಂದು ಹನಿ ನಾಲಿಗೆಗೆ ತಾಗಿಸಿದಳು. ಕಹಿ. ಮಾತ್ರೆ ಪುಡಿ ಮಾಡಿ ಬೆರೆಸಿದ್ದರು.

"ಏನಾದ್ರೂ ಬೆರೆಸಿದಾರಾ?" ಎಂದರು ಟೀಚರ್.

ಬಾಗಿಲಲ್ಲಿ ಇನ್‌ಚಾರ್ಜ್ ಸಿಸ್ಟರ್ ನಿಂತಿದ್ದರು. ಬಾಯಿ ಬಿಡಬೇಡ ಎಂದು ಕಣ್ಣಲ್ಲೇ ಹೇಳಿದರು. 'ಏನೂ ಇಲ್ಲ, ಕುಡೀರಿ' ಎಂದುಬಿಟ್ಟರೆ ಥಿಯೇಟರ್ ಅವಳದೇ. ಆ ಮಾತು ತುಟಿಯವರೆಗೆ ಬಂದಿತ್ತೆಂದು ಅಕ್ಕನೇ ನನಗೆ ಹೇಳಿದ್ದಾಳೆ. ಅಷ್ಟರಲ್ಲಿ ಟೀಚರ್, "ಕುಡಿದ್ರೆ ನಾಳೆ ಮನೆಗೆ ಕಳಿಸ್ತಾರಂತೆ. ದಿನಾ ಹೇಳ್ತಾರೆ. ನೀನೂ ಅದನ್ನೇ ಹೇಳ್ತೀಯಾ?" ಎಂದು ಕೇಳಿದರು.

ನಾಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅಕ್ಕನ ಮೈ ಉರಿಯಿತು.

"ಬೆರೆಸಿದಾರೆ ಟೀಚರ್. ವಿಷ ಅಲ್ಲ, ನಿಮ್ಮ ಮಾತ್ರೆ. ನಾಳೆ ಕಳಿಸಲ್ಲ. ಯಾವಾಗ ಅಂತ ನಂಗೂ ಗೊತ್ತಿಲ್ಲ."

ಲೋಟ ಹಾರಿ ಗೋಡೆಗೆ ಬಡಿಯಿತು. ಇನ್‌ಚಾರ್ಜ್ ಸಿಸ್ಟರ್ ಅಕ್ಕನನ್ನು ಔಷಧಿ ಕೋಣೆಗೆ ಎಳೆದೊಯ್ದು ಬೆವರಿಳಿಸಿದರು.

"ತಲೆ ನೆಟ್ಟಗಿದೆಯಾ ನಿಂಗೆ? ಡಾಕ್ಟರನ್ನ, ಟೀಚರ ಮನೆಯವರನ್ನ ಕೇಳಿಯೇ ಮಾಡಿದ್ದು ನಾನು. ಇನ್ನು ಆಯಮ್ಮ ನೀರೂ ಮುಟ್ಟಲ್ಲ. ಹೊಣೆ ಯಾರು, ನೀನಾ?"

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಟೀಚರ್ ಸಿಪ್ಪೆ ಸುಲಿಯದ ಬಾಳೆಹಣ್ಣು, ಚಿಪ್ಪು ಒಡೆಯದ ಮೊಟ್ಟೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅಕ್ಕ ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿ ಅತ್ತಳು. ಆಗ ನನಗೆ ತಮಾಷೆ ಮಾಡುವ ಧೈರ್ಯ ಬರಲಿಲ್ಲ.

ಆದರೂ ಮರುದಿನ ಒಂದು ಕೈಯಲ್ಲಿ ಹಾಲು, ಇನ್ನೊಂದು ಅಂಗೈಯಲ್ಲಿ ಮಾತ್ರೆ ಹಿಡಿದು ಹೋದಳು. ಟೀಚರ ಎದುರೇ ಹಾಲು ಮೂಸಿದಳು. "ಇದು ಬರೀ ಹಾಲು. ಇದು ಮಾತ್ರೆ. ಬೇಡ ಅಂದ್ರೆ ಬೇಡ ಅನ್ನಿ" ಎಂದಳು. ಟೀಚರ್ ಬೇಡ ಎಂದರು. ಮಾರನೆಯ ದಿನವೂ ಬೇಡ. ಅಕ್ಕ ಹೋಗುವುದು ಬಿಡಲಿಲ್ಲ, ಅವರು ಬೇಡ ಎನ್ನುವುದು ಬಿಡಲಿಲ್ಲ. ಹೀಗೇ ಒಂದು ದಿನ ಟೀಚರ್ ಲೋಟ ಕಿತ್ತುಕೊಂಡು ತಾವೂ ಮೂಸಿ, ಹಾಲು ಕುಡಿದರು. ಇನ್ನೂ ಕೆಲವು ದಿನ ಕಳೆದ ಮೇಲೆ, "ಬಿಚ್ಚಿದ ಮಾತ್ರೆ ಯಾರು ನಂಬ್ತಾರೆ? ಸ್ಟ್ರಿಪ್ ಸಮೇತ ತಗೊಂಡ್ಬಾ" ಎಂದು ಗದರಿದರು. ತಂದುಕೊಟ್ಟಳು. ಹಿಂದೆ ಮುಂದೆ ತಿರುಗಿಸಿ ಓದಿ, ಅದರಲ್ಲಿ ತಮಗೆ ಬೇಕಾದ ಒಂದು ಮಾತ್ರೆಯನ್ನು ತಾವೇ ಒಡೆದು ತೆಗೆದು ನುಂಗಿದರು. ಇನ್‌ಚಾರ್ಜ್ ಸಿಸ್ಟರ್ ನೋಡಿದರು. ಭೇಷ್ ಎನ್ನಲಿಲ್ಲ, ಬೈಯಲೂ ಇಲ್ಲ. ಟ್ಯೂಟರ್ ಹತ್ತಿರ ಏನು ಊದಿದ್ದಾರೋ ಎಂದು ಅಕ್ಕನಿಗೆ ಅನುಮಾನ.

ತಿಂಗಳ ಕೊನೆಗೆ ಟ್ಯೂಟರ್ ಮೇಡಂ ಕರೆದು, "ಇನ್‌ಚಾರ್ಜ್ ಎಲ್ಲಾ ಹೇಳಿದ್ರು. ಮಾಡಿದ ರೀತಿ ತಪ್ಪು, ಆದ್ರೆ ಹುಡುಗಿ ಒಳ್ಳೆಯವಳು ಅಂದ್ರು. ಥಿಯೇಟರ್ ಬೇಕಾದ್ರೆ ನಿನ್ನದೇ" ಎಂದರು.

"ಬೇಡ ಮೇಡಂ. ನಾನು ಅಲ್ಲೇ ಇರ್ತೀನಿ."

ಥಿಯೇಟರ್ ಸೀಟು ಅಣ್ಣನ ಮಗಳ ಪಾಲಾಯಿತು. 'ನಾನು ಹೇಳಿರಲಿಲ್ವಾ?' ಎಂದು ಅಕ್ಕ ಇವತ್ತಿಗೂ ಹುಬ್ಬೇರಿಸುತ್ತಾಳೆ. ನಿಜ ಏನೋ, ನನಗಂತೂ ಗೊತ್ತಿಲ್ಲ.

ಅವತ್ತು ವಾರ್ಡಿಗೆ ಹೋಗಿ ಇಲ್ಲೇ ಇರ್ತೀನೆಂದು ಹೇಳಿದಾಗ ಟೀಚರ್ ನಂಬಲಿಲ್ಲವಂತೆ. ಆದರೂ ತಮಗೆ ಬಂದಿದ್ದ ಚಹಾವನ್ನು ಮೂಸಿ, ಅಕ್ಕನ ಕೈಗಿಟ್ಟು, "ಕುಡಿ. ನಾನು ನೋಡಿದೀನಿ, ಏನೂ ಬೆರೆಸಿಲ್ಲ" ಎಂದರಂತೆ. ಅಕ್ಕ ಮೂಸದೆ ಕುಡಿದಳಂತೆ.

ಸಂಜೆ ಅಡುಗೆಮನೆಯಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ದೊಡ್ಡಮ್ಮ ಹಾಲು ತಂದು ಅಕ್ಕನ ಮುಂದಿಟ್ಟಳು. ಅಕ್ಕ ಮಾತಾಡುತ್ತಲೇ ಲೋಟವನ್ನು ಮೂಗಿಗೆ ಹಿಡಿದಳು. ಈ ಸಲ ದೊಡ್ಡಮ್ಮ ಕಿಟಕಿಯ ಕಡೆ ತಿರುಗಲಿಲ್ಲ.

"ಯಾರೋ ಕೊಟ್ಟಿದ್ದನ್ನ ಮೂಸದೇ ಕುಡಿದೆಯಂತೆ. ನಂದು ಮಾತ್ರ ಇನ್ನೂ ಮೂಸ್ತೀಯಲ್ಲೇ?"

"ಅವರು ನಂಗೆ ಸುಳ್ಳು ಹೇಳಿಲ್ಲ ದೊಡ್ಡಮ್ಮ."

ದೊಡ್ಡಮ್ಮ ಒಲೆಯ ಕಟ್ಟೆ ಹಿಡಿದು ನಿಂತೇ ಇದ್ದಳು. ಆಮೇಲೆ ಹೇಳಿದಳು:

"ಅವತ್ತು ಸಂಜೆ ನಾನು ಹಾಲು ಕೊಟ್ಟೆನಲ್ಲ, ಆ ಹೊತ್ತಿಗಾಗಲೇ ನಿಮ್ಮಮ್ಮ ಹೋಗಿಬಿಟ್ಟಿದ್ಲು. ಮಧ್ಯಾಹ್ನವೇ. ನಂಗೆ ಹೇಳೋಕೆ ಬಾಯಿ ಬರಲಿಲ್ಲ ಮಗಾ."

ನಮ್ಮ ಮನೆಯಲ್ಲಿ ಆ ಮಾತು ಕೇಳಿಸಿದ್ದು ಅದೇ ಮೊದಲು. ನನಗೆ ಅಳು ಬಂತು. ಅಕ್ಕ ಅಳಲಿಲ್ಲ, ದೊಡ್ಡಮ್ಮನ ಮುಖವನ್ನೇ ನೋಡುತ್ತಾ ಕೂತಳು. ಲೋಟದಲ್ಲಿ ಹಾಲು ಆರಿ ಕೆನೆ ಕಟ್ಟಿತು. ಅವಳು ಕೆನೆಯನ್ನು ಬೆರಳಲ್ಲಿ ಸರಿಸಿ, ಲೋಟ ಎತ್ತಿ ಕುಡಿದಳು.