ಕಲ್ಲಿನ ಮೇಲೆ ಹನ್ನೊಂದು ಗಂಟೆ

ನಾಲ್ಕೂವರೆಗೆ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತು ಎರಡೂ ಪಾದಗಳನ್ನು ಮೆಲ್ಲಗೆ ತಿರುವುವುದು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದು. ಸ್ನಾನ ಮಾಡಿ ಮಡಿ ಸೀರೆ ಉಡುವುದು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು. ದೇವರ ಪಾತ್ರೆಗಳನ್ನು ಹುಣಿಸೆಹಣ್ಣು ಹಾಕಿ ತಿಕ್ಕುವುದು. ದೇವರ ಮನೆಯಲ್ಲಿರುವ ಮಾವನವರ ಮರದ ಪಾದುಕೆಗಳನ್ನು ತೊಳೆದು, ಒರೆಸಿ, ಗಂಧವಿಟ್ಟು ಮತ್ತೆ ಮಣೆಯ ಮೇಲಿಡುವುದು. ಹಾಲು ಕಾಯಿಸಿ ಡಿಕಾಕ್ಷನ್ ಇಳಿಸುವುದು. ಅತ್ತೆಗೆ ಬಿಸಿನೀರು, ಗಂಡನಿಗೆ ಜೀರಿಗೆ ಕಷಾಯ. ಕಾಯಿ ತುರಿದು ತಿಂಡಿಗೆ ಚಟ್ನಿ ರುಬ್ಬುವುದು. ಗಂಡನ ಡಬ್ಬಿಗೆ ಪಲ್ಯ ಹೆಚ್ಚುವುದು, ನೈವೇದ್ಯಕ್ಕೆ ಅನ್ನಕ್ಕಿಡುವುದು.

ಇಷ್ಟೂ ಮುಗಿಯುವ ಹೊತ್ತಿಗೆ ಶಿವಮೊಗ್ಗದ ರವೀಂದ್ರನಗರದ ಆ ರಸ್ತೆಯಲ್ಲಿ ಬೀದಿದೀಪ ಇನ್ನೂ ಆರಿರುವುದಿಲ್ಲ. ಇಷ್ಟನ್ನೂ ಶರಾವತಿ ಬರಿಗಾಲಲ್ಲಿ ಮಾಡುತ್ತಾಳೆ.

ಅವಳಿಗೆ ಐವತ್ತು ವರ್ಷ. ಹಿಮ್ಮಡಿ ನೋವು ಶುರುವಾಗಿ ಮೂರು ವರ್ಷ. ಅಡುಗೆಮನೆಗೆ ಕಪ್ಪು ಗ್ರಾನೈಟ್ ಬಂದದ್ದೂ ಮೂರು ವರ್ಷದ ಹಿಂದೆಯೇ. ಅದಕ್ಕೆ ಮೊದಲು ಅಲ್ಲಿ ಕೆಂಪು ಕಾವಿ ನೆಲವಿತ್ತು. ಕಾಲಿಗೆ ಹಿತವಾಗಿತ್ತು, ಆದರೆ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಯಾವ ಕಲ್ಲು ಹಾಸಬೇಕು, ಕಟ್ಟೆ ಎಷ್ಟು ಎತ್ತರವಿರಬೇಕು ಎಂಬುದನ್ನೆಲ್ಲ ಅವಳ ಗಂಡ ವಿಷ್ಣುಪ್ರಸಾದ ಮತ್ತು ಮೇಸ್ತ್ರಿ ಮಂಜಪ್ಪ ಜಗಲಿಯಲ್ಲಿ ಕೂತು ತೀರ್ಮಾನಿಸಿದ್ದರು. ಶರಾವತಿಯನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ, ಕೆಲಸದವರಿಗೆ ಕಾಫಿ ಎಷ್ಟು ಹೊತ್ತಿಗೆ ಆಗುತ್ತದೆ ಎಂದು.

ಮೊದಮೊದಲು ಬೆಳಗಿನ ಮೊದಲ ಹೆಜ್ಜೆ ಮಾತ್ರ ಮೊಳೆಯ ಮೇಲೆ ಇಟ್ಟಂತಾಗುತ್ತಿತ್ತು. ಹತ್ತು ಹೆಜ್ಜೆ ನಡೆದರೆ ಬಿಡುತ್ತಿತ್ತು. ಆಮೇಲೆ ಬಿಡುವುದು ನಿಂತಿತು. ಹಿಮ್ಮಡಿಯ ಒಳಬದಿಯಲ್ಲಿ ಉರಿ, ಸಂಜೆಗೆ ಪಾದದ ಅಂಚಿನಲ್ಲಿ ಜೋಮು, ಕೆಲವು ದಿನ ಎಡಗಾಲು, ಕೆಲವು ದಿನ ಎರಡೂ. ತೋರಿಸಿದರೆ ಊತವಿಲ್ಲ, ಕೆಂಪಿಲ್ಲ, ಗಾಯವಿಲ್ಲ. ಕಣ್ಣಿಗೆ ಕಾಣದ ನೋವನ್ನು ಮನೆಯಲ್ಲಿ ಯಾರು ನಂಬುತ್ತಾರೆ?

ವಿಷ್ಣುಪ್ರಸಾದ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಡಾಕ್ಟರರ ಹತ್ತಿರ ಕರೆದುಕೊಂಡು ಹೋದ, ಒಬ್ಬರಲ್ಲ, ಐದು ಜನರ ಹತ್ತಿರ. ಒಬ್ಬರು ತೂಕ ಇಳಿಸಿ ಎಂದರು. ಎರಡನೆಯವರು ಎಕ್ಸ್‌ರೇ ತೆಗೆಸಿ ಎಲುಬು ಮುಳ್ಳಿನ ಹಾಗೆ ಬೆಳೆದಿದೆ ಎಂದರು. ಮೂರನೆಯವರು ಅದೇ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇಂಥ ಮುಳ್ಳು ನೋವಿಲ್ಲದವರಿಗೂ ಇರುತ್ತದೆ, ಕಾರಣ ಬೇರೆ ಇರಬೇಕು ಎಂದರು. ಯೂರಿಕ್ ಆಸಿಡ್ ಸರಿಯಿತ್ತು, ಥೈರಾಯ್ಡ್ ಸರಿಯಿತ್ತು. ಬೆನ್ನಿನ ನರ ಎಂದು ಸ್ಕ್ಯಾನ್ ಆಯಿತು, ಬೆನ್ನೂ ಸರಿಯಿತ್ತು. ಒಂದು ಇಂಜೆಕ್ಷನ್ ಆರು ವಾರ ಆರಾಮ ಕೊಟ್ಟು ಕೈಬಿಟ್ಟಿತು. ಕೊನೆಯವರು, ಈ ವಯಸ್ಸಿನಲ್ಲಿ ಹೆಂಗಸರಿಗೆ ಟೆನ್ಷನ್ ಜಾಸ್ತಿ ಎಂದು ನಿದ್ದೆಯ ಮಾತ್ರೆ ಬರೆದುಕೊಟ್ಟರು.

ಐದೂ ಕಡೆ ಒಂದು ಪ್ರಶ್ನೆ ಬಂದೇ ಬರುತ್ತಿತ್ತು, ಕೆಲಸ ಏನು ಮಾಡುತ್ತಾರೆ ಎಂದು. ಶರಾವತಿ ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ವಿಷ್ಣುಪ್ರಸಾದ ಹೇಳುತ್ತಿದ್ದ.

"ಏನಿಲ್ಲ ಡಾಕ್ಟ್ರೇ, ಮನೇಲೇ ಇರ್ತಾಳೆ."

ಐದೂ ಜನ ಅದನ್ನೇ ಬರೆದುಕೊಂಡರು. ಅವಳ ಎದುರಿಗೇ, ಅವಳ ಹೆಸರಿನ ಚೀಟಿಯಲ್ಲೇ.

ಆಷಾಢದಲ್ಲಿ ಶರಾವತಿ ಭದ್ರಾವತಿಗೆ ಹೋದಳು. ಅಲ್ಲಿ ಅವಳ ತಮ್ಮ ಸುದರ್ಶನನ ಮನೆಯಿದೆ. ವಿಷ್ಣುಪ್ರಸಾದನಿಗೆ ಕಚೇರಿಯಲ್ಲಿ ಆಡಿಟ್ ಇತ್ತು, ಒಬ್ಬಳೇ ಹೊರಟಿದ್ದಳು. ಬಸ್ಸಿನ ಕೊನೆಯ ಮೆಟ್ಟಿಲಿಂದ ನೆಲಕ್ಕೆ ಕಾಲಿಟ್ಟವಳು ನೋವಿಗೆ ಕಣ್ಣು ಕತ್ತಲಿಟ್ಟು ಬಸ್ಸಿನ ಬಾಗಿಲನ್ನೇ ಹಿಡಿದು ನಿಂತಳು. ಕರೆದೊಯ್ಯಲು ಬಂದಿದ್ದ ಸುದರ್ಶನ ಅವಳನ್ನು ಮನೆಗೆ ಕರೆದುಕೊಂಡು ಹೋಗಲಿಲ್ಲ. ದಾರಿಯಲ್ಲಿದ್ದ ದೀಪಶ್ರೀ ಎಂಬ ಫಿಸಿಯೋಥೆರಪಿಸ್ಟರ ಕ್ಲಿನಿಕ್ ಮುಂದೆ ಬೈಕು ನಿಲ್ಲಿಸಿ, ತಾನು ಹೊರಗೇ ನಿಂತ.

ಮೂವತ್ತರ ಆಸುಪಾಸಿನ ಹುಡುಗಿ. ಫೈಲು ಕೇಳಲಿಲ್ಲ. ಶರಾವತಿಯ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಇಂಚಿಂಚೇ ಒತ್ತುತ್ತ ಹೋದಳು. ಆಮೇಲೆ ಅದೇ ಪ್ರಶ್ನೆ ಕೇಳಿದಳು.

"ಏನು ಕೆಲಸ ಮಾಡ್ತೀರಿ ಆಂಟಿ?"

ಶರಾವತಿ ಅಭ್ಯಾಸದಿಂದ ಪಕ್ಕಕ್ಕೆ ನೋಡಿದಳು. ಪಕ್ಕದ ಕುರ್ಚಿ ಖಾಲಿಯಿತ್ತು. "ಏನಿಲ್ಲ, ಮನೇಲೇ" ಎಂದು ಅವಳ ಬಾಯಿಂದಲೇ ಬಂತು.

"ಮನೇಲಿ ಏನೇನು? ಎದ್ದಾಗಿನಿಂದ ಹೇಳಿ. ನಿಂತ್ಕೊಂಡು ಮಾಡೋದು, ಕೂತ್ಕೊಂಡು ಮಾಡೋದು ಬೇರೆ ಬೇರೆ ಹೇಳಿ."

ಶರಾವತಿ ಹೇಳಿದಳು. ನಾಲ್ಕೂವರೆಯಿಂದ ಶುರು ಮಾಡಿ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ. ದೀಪಶ್ರೀ ಒಂದು ಹಾಳೆಯ ಮೇಲೆ ಗೆರೆ ಎಳೆಯುತ್ತ ಹೋದಳು. ಕೂತು ಮಾಡುವ ಕೆಲಸದ ಬದಿಯಲ್ಲಿ ಹೂ ಕಟ್ಟುವುದು, ಅಕ್ಕಿ ಆರಿಸುವುದು ಎರಡೇ ಇದ್ದವು. ಊಟ? ಊಟವನ್ನು ಹೆಚ್ಚಾಗಿ ಕಟ್ಟೆಗೆ ಒರಗಿ ನಿಂತೇ ಮುಗಿಸುತ್ತೇನೆ ಎಂದಳು ಶರಾವತಿ, ನಾಚಿಕೊಂಡು.

"ಹನ್ನೊಂದು ಗಂಟೆ ಆಗುತ್ತೆ ಆಂಟಿ," ಎಂದಳು ದೀಪಶ್ರೀ. "ಹನ್ನೊಂದು ಗಂಟೆ ಕಲ್ಲಿನ ಮೇಲೆ, ಬರಿಗಾಲಲ್ಲಿ. ಇದನ್ನ ಯಾರೂ ಕೇಳಲೇ ಇಲ್ವಾ?"

ಕಾಯಿಲೆಗೆ ಒಂದೇ ಹೆಸರು ಹೇಳಲು ಅವಳು ಒಪ್ಪಲಿಲ್ಲ. ಪಾದದಡಿಯ ಪೊರೆ ಬಾತಿದೆ, ಹಿಮ್ಮಡಿಯಲ್ಲಿರುವ ಮೆತ್ತೆಯೂ ಸವೆದಿರಬಹುದು, ಪಕ್ಕದ ಸಣ್ಣ ನರವೊಂದು ಸಿಕ್ಕಿಕೊಂಡಿರುವ ಅನುಮಾನವಿದೆ, ಮೂರೂ ಸೇರಿದ್ದರಿಂದಲೇ ಯಾರಿಗೂ ಸರಿಯಾಗಿ ಸಿಕ್ಕಿಲ್ಲ, ಇನ್ನೂ ನಾಲ್ಕಾರು ಸಲ ನೋಡಬೇಕು ಎಂದಳು. ಒಂದಷ್ಟು ವ್ಯಾಯಾಮ ಕಲಿಸಿದಳು. ಮೆತ್ತನೆಯ ಒಂದು ಜೊತೆ ರಬ್ಬರ್ ಚಪ್ಪಲಿ ಕೊಟ್ಟು, ಮೂರು ತಿಂಗಳು ಮನೆಯೊಳಗೂ ಇದನ್ನು ಬಿಟ್ಟು ನೆಲಕ್ಕೆ ಕಾಲಿಡಬೇಡಿ, ಅಡುಗೆಮನೆಯಲ್ಲಂತೂ ಇಡಲೇಬೇಡಿ ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಶರಾವತಿಗೆ ಅಪ್ಪನ ಬೂಟು ನೆನಪಾಯಿತು. ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದರು. ಎಂಟು ಗಂಟೆಯ ಪಾಳಿ. ಇಡೀ ದಿನ ನಿಲ್ಲುವ ಮನುಷ್ಯ ಎಂದು ಕಂಪನಿಯೇ ದಪ್ಪ ಅಟ್ಟೆಯ ಬೂಟು ಕೊಟ್ಟಿತ್ತು, ಸವೆದರೆ ಬೇರೆ ಕೊಡುತ್ತಿತ್ತು. ಅದಕ್ಕೆ ಪಾಲಿಶ್ ಹಚ್ಚುವುದು ಹುಡುಗಿ ಶರಾವತಿಯ ಕೆಲಸವಾಗಿತ್ತು. ಆ ಪಾಳಿ ಮುಗಿದಾಗ ಸೈರನ್ ಕೂಗುತ್ತಿತ್ತು, ಅಪ್ಪ ಮನೆಗೆ ಬಂದು ಕಾಲು ಚಾಚುತ್ತಿದ್ದರು. ಅಮ್ಮ ಆಗ ಕಾಲಿಗೆ ಏನು ಹಾಕಿಕೊಂಡು ನಿಂತಿರುತ್ತಿದ್ದಳು? ಏನೂ ಇಲ್ಲ. ಇದು ಅವಳಿಗೆ ಐವತ್ತು ವರ್ಷದಲ್ಲಿ ಮೊದಲ ಸಲ ಹೊಳೆದಿತ್ತು, ಹೊಳೆದ ಮೇಲೆ ಕಿಟಕಿಯಾಚೆ ಏನೂ ಕಾಣಲಿಲ್ಲ.

ಅಂದು ಸಂಜೆಯೇ ಅವಳು ಅತ್ತೆ ಸತ್ಯಭಾಮಾ ಅವರ ಎದುರು ಚಪ್ಪಲಿಯ ಪೊಟ್ಟಣ ಬಿಚ್ಚಿಟ್ಟು ವಿಷಯ ಹೇಳಿದಳು. ಎಪ್ಪತ್ತೆಂಟರ ಸತ್ಯಭಾಮಾ ಜಪಸರ ಕೆಳಗಿಟ್ಟರು.

"ಚಪ್ಪಲಿ ಮೆಟ್ಕೊಂಡು ಅನ್ನ ಬೇಯಿಸ್ತೀಯಾ? ದೇವರಿಗೆ ನೈವೇದ್ಯ ಆಗೋ ಅನ್ನಾನ?"

"ಹೊಸದು ಅತ್ತೆ. ಬೀದಿಗೆ ಹೋಗಿಲ್ಲ, ಹೋಗೋದೂ ಇಲ್ಲ. ದಿನಾ ತೊಳೀತೀನಿ."

"ತೊಳೆದ್ರೆ ಚಪ್ಪಲಿ ಮಡಿಯಾಗುತ್ತೇನೇ, ಮಾರಾಯ್ತಿ? ನನಗೂ ಕಾಲು ನೋಯ್ತಿತ್ತು. ಯಾರ ಹತ್ರ ಹೇಳ್ದೆ ನಾನು?"

ಶರಾವತಿ ಅವರ ಪಾದ ನೋಡಿದಳು. ಹಿಮ್ಮಡಿ ಆಳವಾಗಿ ಸೀಳಿತ್ತು, ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಐವತ್ತು ವರ್ಷ ಬಾಯಿ ಮುಚ್ಚಿಕೊಂಡು ಅನುಭವಿಸಿದ ನೋವನ್ನು ಅವರು ಸೊಸೆಗೆ ಒಡವೆಯ ಹಾಗೆ ದಾಟಿಸುತ್ತಿದ್ದರು. ಬೇಡ ಎನ್ನಲು ಬಾರದು ಎಂಬಂತೆ.

"ಮಾವನವರು ಪಾದುಕೆ ಮೆಟ್ಕೊಂಡೇ ಊಟಕ್ಕೆ ಬರ್ತಿದ್ರಲ್ಲ ಅತ್ತೆ."

ಪೇಪರ್ ಓದುತ್ತಿದ್ದ ವಿಷ್ಣುಪ್ರಸಾದ ತಲೆ ಎತ್ತಿದ.

"ಅದು ಮರದ್ದು," ಎಂದರು ಸತ್ಯಭಾಮಾ. ಜಪಸರ ಮತ್ತೆ ಕೈಗೆತ್ತಿಕೊಂಡು, "ಮತ್ತೆ, ಅವರು ಮಾಡ್ತಿದ್ದದ್ದು ಜಪ," ಎಂದರು.

"ಅಮ್ಮನ ಹತ್ರ ವಾದ ಯಾಕೆ?" ಎಂದ ವಿಷ್ಣುಪ್ರಸಾದ. "ಹಾಲಲ್ಲಿ, ರೂಮಲ್ಲಿ ಹಾಕ್ಕೋ. ಅಡುಗೆಮನೇಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ಹಾಲಿನಲ್ಲಿ, ರೂಮಿನಲ್ಲಿ ಅವಳು ನಿಲ್ಲುವುದು ಎಷ್ಟು ಹೊತ್ತು ಎಂದು ಅವನಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವನಿಗೆ ಸೊಂಟ ಹಿಡಿದಾಗ ಮನೆಗೆ ಹೊಸ ಹಾಸಿಗೆ ಬಂತು, ಬಚ್ಚಲು ಒಡೆದು ಕಮೋಡ್ ಕೂರಿಸಿದ್ದಾಯಿತು, ಪೂಜೆಗೆ ನೆಲದ ಮೇಲೆ ಕೂರಲಾಗದು ಎಂದು ದೇವರ ಮನೆಯೊಳಗೇ ಪ್ಲಾಸ್ಟಿಕ್ ಸ್ಟೂಲು ಬಂತು. ಆ ಸ್ಟೂಲು ಮಡಿಯೇ ಮೈಲಿಗೆಯೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಯಾರಿಗೂ ಅಡ್ಜಸ್ಟ್ ಮಾಡಿಕೋ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಪಾದುಕೆ ತೊಳೆಯುವಾಗ ಶರಾವತಿ ಒಂದು ಕ್ಷಣ ಅದರೊಳಗೆ ಕಾಲಿಟ್ಟು ನೋಡಿದಳು. ದೊಡ್ಡದಾಗಿತ್ತು, ಕಲ್ಲಿನಷ್ಟೇ ಗಟ್ಟಿಯಾಗಿತ್ತು. ಕಾಲು ತೆಗೆದು ಇನ್ನೊಂದು ಸಲ ತೊಳೆದಳು. ಆಮೇಲೆ ರೂಮಿಗೆ ಹೋಗಿ ರಬ್ಬರ್ ಚಪ್ಪಲಿಗಳನ್ನು ತಂದು ಅದೇ ನಲ್ಲಿಯ ಕೆಳಗೆ ತೊಳೆದು, ಒರೆಸಿ, ಮೆಟ್ಟಿಕೊಂಡು ಅಡುಗೆಮನೆಯ ಹೊಸ್ತಿಲು ದಾಟಿದಳು.

ಸತ್ಯಭಾಮಾ ಏಳುವುದು ಆರಕ್ಕೆ. ಅವರ ಕೋಣೆಯ ಚಿಲಕ ಹಳೆಯದು, ತೆಗೆದರೆ ಇಡೀ ಮನೆಗೆ ಕೇಳುತ್ತದೆ. ಚಿಲಕದ ಸದ್ದಾದ ಕೂಡಲೇ ಶರಾವತಿ ಚಪ್ಪಲಿ ಬಿಟ್ಟು, ಕಟ್ಟೆಯಡಿಯ ಕಪಾಟಿನಲ್ಲಿದ್ದ ಹಿಡಿ ಮುರಿದ ಹಳೆಯ ಕುಕ್ಕರಿನೊಳಗೆ ಇಟ್ಟು ಮುಚ್ಚಳ ಮುಚ್ಚುತ್ತಿದ್ದಳು. ಚಪ್ಪಲಿಯನ್ನು ಅನ್ನದ ಪಾತ್ರೆಯಲ್ಲಿ ಬಚ್ಚಿಡುವ ಹೆಂಗಸು ಇಡೀ ಶಿವಮೊಗ್ಗದಲ್ಲಿ ತಾನೊಬ್ಬಳೇ ಇರಬೇಕು ಎನ್ನಿಸಿ ಒಂದು ದಿನ ನಗು ಬಂತು. ಮಧ್ಯಾಹ್ನ ಅತ್ತೆ ಮಲಗಿದಾಗ ಮತ್ತೆ ಕುಕ್ಕರ್ ತೆರೆಯುತ್ತಿದ್ದಳು. ಹನ್ನೊಂದರಲ್ಲಿ ನಾಲ್ಕು ಗಂಟೆ ಹೀಗೆ ಕದ್ದಳು. ಹನ್ನೆರಡನೆಯ ದಿನ ಬೆಳಿಗ್ಗೆ ಬಚ್ಚಲಿನವರೆಗೆ ಹೋದ ಮೇಲೆ ಅವಳಿಗೆ ಗಮನಕ್ಕೆ ಬಂತು, ಗೋಡೆ ಹಿಡಿದಿರಲಿಲ್ಲ.

ಅಷ್ಟರಲ್ಲಿ ಮಾವ ನರಸಿಂಹಮೂರ್ತಿಯವರ ತಿಥಿ ಬಂತು.

ಹೋದ ವರ್ಷದ ತಿಥಿಗೆ ಅವಳು ಒದ್ದೆ ಸೀರೆಯಲ್ಲಿ ಬೆಳಗಿನ ಜಾವ ನಾಲ್ಕರಿಂದ ಮಧ್ಯಾಹ್ನ ಮೂರರವರೆಗೆ ಆ ಕಲ್ಲಿನ ಮೇಲೆ ನಿಂತಿದ್ದಳು. ವಡೆ, ಎಳ್ಳುಂಡೆ, ಪಾಯಸ, ಎರಡು ಪಲ್ಯ, ಗೊಜ್ಜು. ಬ್ರಾಹ್ಮಣರು ಎಲೆಯಿಂದ ಎದ್ದು, ನೆಂಟರು ಉಂಡು, ಎಲ್ಲರೂ ರುಚಿಯಾಗಿತ್ತು ಎಂದು ವಿಷ್ಣುಪ್ರಸಾದನಿಗೆ ಹೇಳಿ ಹೋದರು. ಮರುದಿನದಿಂದ ಮೂರು ವಾರ ಅವಳು ಬೆಳಗಿನ ಹೊತ್ತು ಬಚ್ಚಲಿಗೆ ಅಂಬೆಗಾಲಿಟ್ಟು ಹೋಗಿದ್ದಳು. ಅದನ್ನು ನೋಡಿದವರು ಯಾರೂ ಇರಲಿಲ್ಲ, ಮನೆ ಎದ್ದಿರಲಿಲ್ಲ.

ಈ ಸಲ ಅವಳು ಮುಂಚೆಯೇ ಬಾಯಿಬಿಟ್ಟು ಕೇಳಿದಳು. ಕೋಟೆಯ ಕಡೆ ಮಡಿಯಲ್ಲಿ ಅಡುಗೆ ಮಾಡಿಕೊಡುವವರಿದ್ದಾರೆ, ಕರೆಸೋಣ ಎಂದಳು. ಮನೆಯಲ್ಲಿ ಸೊಸೆ ಇರುವಾಗ ಹೊರಗಿನವರು ಯಾಕೆ ಎಂದರು ಅತ್ತೆ. ಮಾತನ್ನು ಅಮ್ಮ ಆಡಿಬಿಟ್ಟ ಮೇಲೆ ತಾನೇನು ಹೇಳಲಿ ಎಂದ ಗಂಡ. ಶರಾವತಿ ಭದ್ರಾವತಿಗೆ, ದೀಪಶ್ರೀಗೆ ಫೋನ್ ಮಾಡಿದಳು. ಆ ಹುಡುಗಿ ಒಂದೇ ಮಾತು ಹೇಳಿದಳು.

"ಒಂದು ದಿನ ಸಾಕು ಆಂಟಿ, ಎಲ್ಲ ಮೊದಲಿನ ಹಾಗೇ ಆಗೋಕೆ. ಆಮೇಲೆ ನರ ಪೂರ್ತಿ ಸುಧಾರಿಸುತ್ತೆ ಅಂತ ನಾನು ಹೇಳಲ್ಲ."

ತಿಥಿಯ ಬೆಳಿಗ್ಗೆ ಮೂರೂವರೆಗೆ ಎದ್ದು ಸ್ನಾನ ಮಾಡಿ ಒದ್ದೆ ಸೀರೆ ಉಟ್ಟಳು. ಪಾದುಕೆ ತೊಳೆದಳು, ಚಪ್ಪಲಿ ತೊಳೆದಳು. ಉದ್ದು ರುಬ್ಬಿಟ್ಟಳು, ಎಳ್ಳು ಹುರಿದಳು, ಹೆಸರುಬೇಳೆ ಬೇಯಲಿಟ್ಟಳು. ನೀರಿಳಿಯುವ ನೆರಿಗೆಯ ಕೆಳಗೆ ಅವಳ ಎರಡು ಪಾದಗಳು ಮಾತ್ರ ಬೆಚ್ಚಗಿದ್ದವು.

ಐದು ಗಂಟೆಗೆ ಚಿಲಕದ ಸದ್ದಾಯಿತು. ತಿಥಿಯ ದಿನ ಅತ್ತೆ ಬೇಗ ಏಳುತ್ತಾರೆ. ಮುಖ ತೊಳೆದು ಬಂದು, ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು, ಎಲ್ಲ ಮುಗಿಯುವವರೆಗೆ ಅಲ್ಲೇ ಕೂರುತ್ತಾರೆ.

ಶರಾವತಿಯ ಕೈ ಅಭ್ಯಾಸದಿಂದ ಕಪಾಟಿಗೆ ಹೋಯಿತು. ಕುಕ್ಕರನ್ನು ಎಳೆದು ಮುಚ್ಚಳ ತೆಗೆದಳು. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಹೊತ್ತು ಬೇಕಾದಷ್ಟಿತ್ತು. ಚಪ್ಪಲಿ ಬಿಡದಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮಾಡಿದ್ದೆಲ್ಲ ಮೈಲಿಗೆ ಎನ್ನುತ್ತಾರೆ. ಉದ್ದು, ಎಳ್ಳು, ಬೇಳೆ ಎಲ್ಲ ಹೊರಗೆ ಹೋಗುತ್ತದೆ. ಹನ್ನೊಂದಕ್ಕೆ ಬ್ರಾಹ್ಮಣರು ಬರುತ್ತಾರೆ. ವಿಷ್ಣುಪ್ರಸಾದ ಮುಖ ಕೆಂಪಗೆ ಮಾಡಿಕೊಂಡು, ಈ ಒಂದು ದಿನ ನಿನಗೆ ಆಗುತ್ತಿರಲಿಲ್ಲವೇ ಎನ್ನುತ್ತಾನೆ. ಬೇಕಾದರೆ ಆಗ ಕೋಟೆಯಿಂದ ಅಡುಗೆಯವರನ್ನು ಅವನೇ ಓಡಿಹೋಗಿ ಕರೆತರಬಹುದು. ಇಲ್ಲವೇ ತಾನೇ ಪಂಚೆ ಎತ್ತಿ ಕಟ್ಟಿ ಈ ಕಲ್ಲಿನ ಮೇಲೆ ನಿಲ್ಲಬಹುದು, ತಿಥಿ ಅವನ ತಂದೆಯದೇ.

ನೀರಿನ ಸದ್ದು ನಿಂತಿತು. ಬಚ್ಚಲ ಬಾಗಿಲು ತೆರೆಯಿತು.

ಶರಾವತಿ ಖಾಲಿ ಕುಕ್ಕರಿಗೆ ಮುಚ್ಚಳ ಹಾಕಿ ಕಪಾಟಿನ ಒಳಕ್ಕೆ, ಗೋಡೆಗೆ ತಾಗುವವರೆಗೆ ತಳ್ಳಿದಳು. ಎದ್ದು ನಿಂತು, ಚಪ್ಪಲಿ ಸದ್ದಾಗದಂತೆ ಮೆಲ್ಲಗೆ ಹೆಜ್ಜೆಯಿಡುವ ಇಷ್ಟು ದಿನದ ರೂಢಿಯನ್ನೂ ಬಿಟ್ಟು, ಬೇಳೆ ಬೆಂದಿದೆಯೇ ನೋಡಲು ಒಲೆಯ ಕಡೆ ನಡೆದಳು.