ಚಂದ್ರಕಾಳಿಯ ಘಳಿಗೆ

ನಮ್ಮ ಮನೆಯಲ್ಲಿ ರೇಷ್ಮೆ ಸೀರೆಗಳನ್ನು ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಸಂದಿಗೆ ಒಣಗಿದ ಬೇವಿನೆಲೆ ಸೇರಿಸಿ, ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ವರ್ಷಕ್ಕೊಮ್ಮೆ, ದಸರೆ ಮುಗಿದು ಬಿಸಿಲು ಹದಕ್ಕೆ ಬಂದಾಗ, ಅವನ್ನು ನೆರಳಿನಲ್ಲಿ ಹರವಿ, ಹಳೆಯ ಮಡಿಕೆ ಬಿಟ್ಟು ಬೇರೆ ಜಾಗದಲ್ಲಿ ಮಡಿಸುವುದು ಪದ್ಧತಿ. ಮಡಿಸಿದಲ್ಲೇ ಮತ್ತೆ ಮತ್ತೆ ಮಡಿಸಿದರೆ ರೇಷ್ಮೆ ಮುನಿಸಿಕೊಳ್ಳುತ್ತದೆ, ಆ ಗೆರೆಗುಂಟ ಸೀಳುತ್ತದೆ. ಇದನ್ನು ನನಗೆ ಕಲಿಸಿದ ಅಮ್ಮ ಪೆಟ್ಟಿಗೆಯ ತಳದ ಒಂದು ಗಂಟನ್ನು ಮಾತ್ರ ಯಾವ ವರ್ಷವೂ ಬಿಚ್ಚುತ್ತಿರಲಿಲ್ಲ.

ನನಗೋ ಹಳೆಯ ಬಟ್ಟೆಯ ಹುಚ್ಚು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ರಜೆ ಬಂತೆಂದರೆ ನಾವಿದ್ದ ಪುಣೆಯ ಶನಿವಾರ ಪೇಠೆಯ ವಾಡೆಗಳಲ್ಲಿ ಅಜ್ಜಿಯರ ಕುಪ್ಪಸಗಳನ್ನು ಒಳಮೈ ಹೊರಗೆ ಮಾಡಿ, ಕಂಕುಳ ಪಟ್ಟಿ ಹೇಗೆ ಕೂಡಿಸಿದ್ದಾರೆ, ಅಂಚು ಎಲ್ಲಿ ತಿರುಗಿಸಿದ್ದಾರೆ ಎಂದು ನೋಡುತ್ತ ಕೂರುತ್ತಿದ್ದೆ, ಮನೆಗೆ ಬಂದು ಅಂಥದೇ ಒಂದನ್ನು ಹೊಲಿದು ನೋಡುತ್ತಿದ್ದೆ. ಹಳೆ ಬಟ್ಟೆ ಒಯ್ದು ಪಾತ್ರೆ ಕೊಡುವ ಬೋಹಾರಿಣಿಯರು ಬೀದಿಬೀದಿ ತಿರುಗುತ್ತಿದ್ದ ಕಾಲ ಅದು. ‘ಶಾಲೆಯ ಬಾಯಿಯವರು ಬಂದರು, ಪಾತ್ರೆ ಮಾತ್ರ ತಂದಿಲ್ಲ’ ಎಂದು ನೆರೆಯವರು ನನ್ನನ್ನು ಕಾಡುತ್ತಿದ್ದರು. ಊರಿನವರ ಪೆಟ್ಟಿಗೆಯನ್ನೆಲ್ಲ ಸೋಸಿದವಳಿಗೆ ತನ್ನ ಮನೆಯ ಗಂಟಿನೊಳಗೆ ಏನಿದೆ ಎಂಬುದು ಗೊತ್ತಿರಲಿಲ್ಲ, ನೋಡಿ.

ಅದು ತಿಳಿದದ್ದು ಅತ್ಯಾ ಪುಣೆ ಬಿಡುವ ಸುದ್ದಿ ಬಂದಾಗ. ಅತ್ಯಾ ಎಂದರೆ ಅಪ್ಪನ ಅಕ್ಕ; ಕಸಬಾ ಪೇಠೆಯಲ್ಲಿ ಅವರ ಮನೆ. ಯಜಮಾನರಿಗೆ ನಿವೃತ್ತಿಯಾಗಿ, ಸಂಕ್ರಾಂತಿ ಕಳೆದೊಡನೆ ಇಬ್ಬರೂ ಇಂದಾಪುರದ ಮಗನ ಮನೆಗೆ ಹೊರಡುವವರಿದ್ದರು. ಧಾರವಾಡದ ಹೆಣ್ಣುಮಗಳಾದ ಈ ಅತ್ಯಾ ನಮ್ಮೊಡನೆ ಬಾಯ್ತುಂಬ ಕನ್ನಡ ಆಡುವವರು ಅಮ್ಮನೊಡನೆ ಮಾತ್ರ ಮರಾಠಿ ಆಡುತ್ತಿದ್ದರು, ಅದೂ ಬಹುವಚನದಲ್ಲಿ, ಬೀಗರ ಮನೆಯ ಹೊಸ ಬೀಗಿತ್ತಿಯನ್ನು ಮಾತಾಡಿಸಿದಂತೆ. ಮೈಸೂರಿನ ಅಮ್ಮನೂ ಅಷ್ಟೇ ಮರ್ಯಾದೆಯಿಂದ ತನ್ನ ತೊಡರು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಚಿಕ್ಕಂದಿನಿಂದ ಕಂಡದ್ದಾದ್ದರಿಂದ ನನಗೆ ಅದು ವಿಚಿತ್ರವೆನಿಸಿರಲಿಲ್ಲ.

ಸುದ್ದಿ ಕೇಳಿದ ದಿನ ಅಮ್ಮ ತಾನಾಗಿ ಗಂಟು ಬಿಚ್ಚಿದಳು. ಹದಿನೆಂಟು ಮೊಳದ ಚಂದ್ರಕಾಳಿ. ಕಾರಿರುಳಿನ ಬಣ್ಣದ ರೇಷ್ಮೆಗೆ ಕೆಂಪು ಅಂಚು. ಹರವಹೋದರೆ ಮಡಿಕೆ ಮಡಿಕೆಗೂ ಸೀಳು. ಎಲ್ಲ ಬಣ್ಣಗಳಲ್ಲಿ ಕಪ್ಪಿಗೇ ಆಯುಷ್ಯ ಕಡಿಮೆ. ಬಣ್ಣ ಹಿಡಿಸಲು ಹಾಕಿದ ಕಬ್ಬಿಣದ ನೀರು ನೂಲನ್ನು ಒಳಗೊಳಗೇ ತಿನ್ನುತ್ತದೆ.

“ಇದನ್ನ ಉಟ್ಟುಕೊಂಡು ಒಂದು ಸಲ ಅವರ ಮುಂದೆ ನಿಲ್ಲಬೇಕು ಕಣೇ,” ಎಂದಳು ಅಮ್ಮ. “ಅವರು ಹೋಗೋದರೊಳಗೆ ಸರಿಮಾಡಿ ಕೊಡ್ತೀಯಾ?”

ಆಮೇಲೆ ಕಥೆ ಹೊರಬಿತ್ತು. ಮೈಸೂರು ಸೀಮೆಯಲ್ಲಿ ಗಳಿಗೆ ಎಂದರೆ ಹೊತ್ತು, ಮುಹೂರ್ತ. ನಮ್ಮ ಧಾರವಾಡದ ಮಂದಿಗೆ ಬಟ್ಟೆಯ ಮಡಿಕೆಯೂ ಘಳಿಗಿಯೇ. ಹೊಸ ಸೀರೆಯನ್ನು ಮೊದಲ ಸಲ ಉಡುವುದಕ್ಕೆ ಘಳಿಗಿ ಮುರಿಯುವುದು ಎನ್ನುತ್ತಾರೆ. ಅಕ್ಕರೆಯವರ ಕೈಲಿ ಘಳಿಗಿ ಮುರಿಸುವುದು ದೊಡ್ಡ ಪ್ರೀತಿಯ ಗುರುತು. ಇನ್ನು ಸಂಕ್ರಾಂತಿಗೆ ಹೊಸ ಸೊಸೆಗೆ ಕಪ್ಪು ಸೀರೆ ಉಡಿಸುವುದು ಈ ಕಡೆಯ ಸಂಭ್ರಮ. ಮೈಸೂರಿನಲ್ಲಿ ಹಬ್ಬದ ದಿನ ಮದುಮಗಳ ಮುಂದೆ ಕಪ್ಪು ಬಟ್ಟೆ ತಂದರೆ ಮನೆಯವರೆಲ್ಲ ಜಗಳಕ್ಕೆ ಎದ್ದು ನಿಂತಾರು. ಅಮ್ಮನ ಮೊದಲ ಸಂಕ್ರಾಂತಿಗೆ ಅತ್ಯಾ ತಾವು ಉಡಬೇಕೆಂದು ಆಸೆಪಟ್ಟು ಕೊಂಡಿದ್ದ ಚಂದ್ರಕಾಳಿಯನ್ನು ತಮ್ಮನ ಹೆಂಡತಿಯ ಮಡಿಲಿಗೆ ಹಾಕಿ, “ಇದರ ಘಳಿಗಿ ನೀನ ಮುರೀಬೇಕು ನೋಡವಾ,” ಎಂದರಂತೆ. ಕನ್ನಡವೇ ಕನ್ನಡಕ್ಕೆ ಕೈಕೊಟ್ಟ ಹೊತ್ತು ಅದು. ಹುಡುಗಿಯ ಕಿವಿಗೆ ಬಿದ್ದದ್ದು ಒಂದೇ: ಈಕೆ ಕಪ್ಪು ಬಟ್ಟೆ ಕೊಟ್ಟು ನನ್ನ ಒಳ್ಳೆಯ ಗಳಿಗೆಯನ್ನು ಮುರಿ ಎನ್ನುತ್ತಿದ್ದಾಳೆ. “ನಂಗೆ ಬೇಡ,” ಎಂದು ಸೀರೆಯನ್ನು ಪಕ್ಕಕ್ಕೆ ಸರಿಸಿದಳು. ಕೊಟ್ಟದ್ದನ್ನು ಅತ್ಯಾ ಹಿಂದಕ್ಕೆ ಒಯ್ಯಲಿಲ್ಲ. ಅಂದಿನಿಂದ ಮರಾಠಿ ಶುರುವಾಯಿತು.

“ಅರ್ಥ ಯಾವಾಗ ತಿಳೀತು?” ಎಂದೆ.

“ನೀನು ಹುಟ್ಟೋ ಮುಂಚೇನೇ. ಪಕ್ಕದ ಮನೆ ಕಾಕೂ ‘ಘಡೀ ಮೋಡ’, ಮಡಿಕೆ ಮುರಿ, ಅಂತ ಸೊಸೆಗೆ ಸೀರೆ ಕೊಟ್ಟಾಗ. ಆದ್ರೆ ಅತ್ತಿಗೆ ಹತ್ರ ಹೋಗಿ ಏನಂತ ಹೇಳ್ಲಿ? ನೀವು ಪ್ರೀತಿಯಿಂದ ಕೊಟ್ಟದ್ದನ್ನ ಶಾಪ ಅಂದ್ಕೊಂಡಿದ್ದೆ ಅನ್ನಲಾ?”

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಮರುದಿನವೇ ತುಳಶೀಬಾಗಿನ ಅಂಗಡಿಗಳಿಗೆ ಹೋಗಿ ಕಪ್ಪಿನ ಕುಲದ ರೇಷ್ಮೆ ಎಳೆಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿ ತಂದೆ. ಹೊಸ ಕಪ್ಪು ಹಳೆಯ ಕಪ್ಪಿಗೆ ಎಂದೂ ಒಗ್ಗುವುದಿಲ್ಲ, ಕೊಂಚ ಕಂದು ಬೆರೆತದ್ದೇ ಬೇಕು. ಸೀಳಿನ ಬೆನ್ನಿಗೆ ತೆಳು ಮಲಮಲ್ ಇಟ್ಟು, ಸೂಜಿ ಊರಿದರೆಲ್ಲಿ ನೂಲು ಪುಡಿಯಾದೀತೋ ಎಂದು ಉಸಿರು ಬಿಗಿಹಿಡಿದು ಹೊಲಿದೆ. ಸಂಕ್ರಾಂತಿ ಹತ್ತಿರ ಬರುತ್ತಿತ್ತು, ಅಮ್ಮ ಅಡುಗೆಮನೆಯಿಂದ ಬಂದು ಬಂದು ಇಣುಕುತ್ತಿದ್ದಳು. ಮುಗಿದ ಮೇಲೆ ಕಟ್ಟುನಿಟ್ಟಾಗಿ ಹೇಳಿದೆ: ನಿಲ್ಲಬಹುದು, ಮೆಲ್ಲಗೆ ನಡೆಯಬಹುದು, ಬಗ್ಗಕೂಡದು.

ಸಂಕ್ರಾಂತಿಯ ಸಂಜೆ ಅಮ್ಮ ಅದನ್ನುಟ್ಟು ಟಾಂಗಾದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಕಸಬಾ ಪೇಠೆಯ ಬಾಗಿಲಲ್ಲಿ ಅತ್ಯಾ ಕುಸುರೆಳ್ಳಿನ ಬಟ್ಟಲು ಹಿಡಿದು, “ಯಾ, ಯಾ,” ಎಂದು ವಾಡಿಕೆಯಂತೆ ಮರಾಠಿಯಲ್ಲೇ ಒಳಗೆ ಕರೆದವರು ಸೀರೆ ನೋಡಿ ಬಟ್ಟಲನ್ನು ಪಕ್ಕದ ಕಟ್ಟೆಯ ಮೇಲಿಟ್ಟರು.

“ಅತ್ತಿಗೆ,” ಎಂದಳು ಅಮ್ಮ, ಮರಾಠಿ ಬಿಟ್ಟು. “ಅವತ್ತು ನಂಗೆ ತಿಳೀಲಿಲ್ಲ. ಮುಹೂರ್ತ ಕೆಡಿಸು ಅಂದ್ರಿ ಅಂದ್ಕೊಂಡೆ. ಗಳಿಗೆ ಅಂದ್ರೆ ನಮ್ಮ ಕಡೆ ಅದೊಂದೇ.”

ಹಾಗೆಂದವಳೇ, ನಾನು ಬೇಡ ಬೇಡವೆನ್ನುವಷ್ಟರಲ್ಲಿ, ಅತ್ಯಾನ ಕಾಲಿಗೆ ಬಗ್ಗಿಬಿಟ್ಟಳು. ಸೊಂಟದಿಂದ ಮೊಣಕಾಲಿನವರೆಗೆ ರೇಷ್ಮೆ ಪರ್ರನೆ ಬಿಚ್ಚಿಕೊಂಡಿತು. ನಾನು ಸೀರೆ ಹಿಡಿಯಲು ಮುಂದಾದೆ. ಅತ್ಯಾ ನನ್ನನ್ನು ಬದಿಗೆ ತಳ್ಳಿ ಅಮ್ಮನ ಎರಡೂ ತೋಳು ಹಿಡಿದೆತ್ತಿದರು.

“ಅಂತೂ ಮುರೀತಲ್ಲವಾ ಘಳಿಗಿ,” ಎಂದರು. “ನಾ ನಿನಗ ಬ್ಯಾಡಾದಾಕಿ ಅದೀನಂತ ತಿಳಕೊಂಡಿದ್ದೆ. ನಿನಗ ಮಾತು ತಿಳಿದಿರಲಿಕ್ಕಿಲ್ಲ ಅಂತ ನನಗ ಒಮ್ಮೆನೂ ಹೊಳೀಲಿಲ್ಲ ನೋಡ. ಬಾ, ಒಳಗ ಬಾ.”

ಅತ್ಯಾ ಅಮ್ಮನಿಗೆ ‘ನೀ’ ಎಂದದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ಇಬ್ಬರೂ ಅತ್ತರು. ಆಮೇಲೆ ಅತ್ಯಾ ತಮ್ಮ ಹತ್ತಿಯ ಸೀರೆಯೊಂದನ್ನು ಅಮ್ಮನಿಗೆ ಉಡಿಸಿದರು. ನೆರಿಗೆ ಹಿಡಿಯುತ್ತ ಹಿಡಿಯುತ್ತ ಇಬ್ಬರೂ ಮಾತಿಗೆ ಬಿದ್ದರು, ನನ್ನ ಹೊಲಿಗೆಯನ್ನು ಯಾರೂ ಕೇಳಲಿಲ್ಲ. ಅತ್ಯಾ ಹೊರಡುವ ದಿನದವರೆಗೂ ಅಮ್ಮ ಊಟ ಮುಗಿದದ್ದೇ ಕಸಬಾ ಪೇಠೆಗೆ ಹೋಗಿಬಿಡುತ್ತಿದ್ದಳು. ಅಷ್ಟು ವರ್ಷದ ಮಾತು ಒಂದು ವಾರಕ್ಕೆ ಮುಗಿದೀತೇ? ಇಂದಾಪುರದ ಮೋಟಾರು ಹೊರಟಾಗಲೂ ಅತ್ಯಾ ಕಿಟಕಿಯಿಂದ ಏನನ್ನೋ ಹೇಳುತ್ತಲೇ ಇದ್ದರು. ಎಂಜಿನ್ನಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸುತ್ತಿರಲಿಲ್ಲ, ಅಮ್ಮ ಮಾತ್ರ ಪ್ರತಿಯೊಂದಕ್ಕೂ ಹೂಂ ಹೂಂ ಎಂದು ತಲೆಯಾಡಿಸುತ್ತ ಗಾಡಿಯ ಜೊತೆ ಜೊತೆಗೇ ನಡೆಯುತ್ತಿದ್ದಳು.